ಸ್ಯಾಂಕ್ಷನ್ ಲೆಟರ್ ಕೈಯಲ್ಲಿದೆ, ಹಣ ಬಂದಿಲ್ಲ: ವೀಸಾಗೆ ಇಷ್ಟು ಸಾಕಾ?

ಮೂಟೆಕಟ್ಟಿದವಳು:

ಎಲ್ಲರಿಗೂ ನಮಸ್ಕಾರ. ಮಾಸ್ಟರ್ಸ್‌ಗೆ ಎರಡು ಕಡೆಯಿಂದ ಆಫರ್ ಬಂದಿದೆ. ಒಂದು ಬ್ರಿಟನ್‌ನಲ್ಲಿ, ಲಂಡನ್ ಹೊರಗೆ, ಒಂದು ವರ್ಷದ ಕೋರ್ಸ್. ಇನ್ನೊಂದು ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯ, ಎರಡು ವರ್ಷ. ಬ್ಯಾಂಕಿನವರು ಓದಿನ ಸಾಲಕ್ಕೆ ಒಪ್ಪಿ ಸ್ಯಾಂಕ್ಷನ್ ಲೆಟರ್ ಕೊಟ್ಟಿದ್ದಾರೆ. ಹಣ ಮಾತ್ರ ಇನ್ನೂ ಬಿಟ್ಟಿಲ್ಲ. "ವೀಸಾ ತನ್ನಿ, ಆಮೇಲೆ ಬಿಡುತ್ತೇವೆ" ಅನ್ನುತ್ತಾರೆ. ವೀಸಾದವರು ನೋಡಿದರೆ ಮೊದಲು ಹಣ ತೋರಿಸಿ ಅನ್ನುತ್ತಾರೆ.

ಕನ್ಸಲ್ಟೆನ್ಸಿಯಲ್ಲಿ ಕೇಳಿದೆ. "ಲೆಟರ್ ಇದೆಯಲ್ಲ, ಆರಾಮಾಗಿರಿ" ಅಂದರು. ಪಕ್ಕದ ಕುರ್ಚಿಯಲ್ಲಿದ್ದ ಹುಡುಗನಿಗೆ ಅದೇ ಮನುಷ್ಯ, "ಖಾತೆಯಲ್ಲಿ ಕಮ್ಮಿ ಇದ್ದರೆ ನಾವೇ ಒಂದು ತಿಂಗಳಿಗೆ ದುಡ್ಡು ಹಾಕಿಸಿಕೊಡ್ತೀವಿ, ಸ್ವಲ್ಪ ಚಾರ್ಜ್ ಆಗುತ್ತೆ" ಅಂದ. ಆಮೇಲೆ ಅವರು ನನಗೆ ಹೇಳಿದ್ದರ ಮೇಲೂ ನಂಬಿಕೆ ಹೋಯಿತು.

ಲೆಟರ್ ಸಾಕಾ? ಸಾಲ ಎಷ್ಟರವರೆಗೆ ಮಾಡಿದರೆ ತೀರಿಸಬಹುದು? ಪಾರ್ಟ್‌ಟೈಮ್ ಕೆಲಸವನ್ನು ಲೆಕ್ಕಕ್ಕೆ ಹಿಡಿಯಬಹುದಾ?

ಕಡತವಾಸಿ:

ಸ್ಯಾಂಕ್ಷನ್ ಲೆಟರ್ ಅಂದರೆ ಬಸ್ ಸೀಟಿಗೆ ಟವೆಲ್ ಹಾಕಿದ ಹಾಗೆ. ಜಾಗ ಹಿಡಿದಿದ್ದೀರಿ, ಟಿಕೆಟ್ ಇನ್ನೂ ತೆಗೆದುಕೊಂಡಿಲ್ಲ. ಅದನ್ನು ಒಪ್ಪುವುದು ಬಿಡುವುದು ಆಯಾ ದೇಶದ ನಿಯಮಕ್ಕೆ ಬಿಟ್ಟದ್ದು. ಜರ್ಮನಿ ಬಗ್ಗೆ ಅಲ್ಲಿ ಇರುವವರು ಹೇಳಲಿ. ನಾನು ಬ್ರಿಟನ್ ಹೇಳುತ್ತೇನೆ.

ಬ್ರಿಟನ್‌ಗೆ ಎರಡು ಮೊತ್ತ ತೋರಿಸಬೇಕು. ಮೊದಲ ವರ್ಷದ ಫೀಸಿನಲ್ಲಿ ಬಾಕಿ ಎಷ್ಟಿದೆಯೋ ಅಷ್ಟು. ಅದರ ಮೇಲೆ ಜೀವನ ಖರ್ಚು, ಹೆಚ್ಚೆಂದರೆ 9 ತಿಂಗಳದ್ದು. 2025ರ ನವೆಂಬರ್ 11ರಿಂದ ಲಂಡನ್ ಹೊರಗೆ ತಿಂಗಳಿಗೆ 1,171 ಪೌಂಡ್, ಲಂಡನ್‌ನಲ್ಲಿ 1,529. ನಿಮ್ಮದು ಹೊರಗೆ, ಹಾಗಾಗಿ ಒಂಬತ್ತು ತಿಂಗಳಿಗೆ 10,539. ಫೀಸು 20,000 ಅಂತಿಟ್ಟುಕೊಳ್ಳಿ, ಅದರಲ್ಲಿ 5,000 ಡಿಪಾಸಿಟ್ ಕಟ್ಟಿ ಆಗಿದೆ. ಉಳಿದ 15,000ಕ್ಕೆ ಇದನ್ನು ಸೇರಿಸಿದರೆ 25,539 ಪೌಂಡ್. ಕಟ್ಟಿದ ಡಿಪಾಸಿಟ್, ವಿಶ್ವವಿದ್ಯಾಲಯ ವೀಸಾಗೆ ಕೊಡುವ ಪ್ರವೇಶ ದೃಢೀಕರಣ, ಅಂದರೆ ನಿಮ್ಮ ಸಿಎಎಸ್‌ನಲ್ಲಿ ನಮೂದಾಗಿದೆಯಾ ನೋಡಿಕೊಳ್ಳಿ. ಅಲ್ಲಿ ನಮೂದೂ ಇಲ್ಲ, ವಿಶ್ವವಿದ್ಯಾಲಯದ ರಸೀದಿಯೂ ಇಲ್ಲ ಅಂದರೆ ಕಟ್ಟಿದ್ದಕ್ಕೂ ಸೇರಿಸಿ ಲೆಕ್ಕ ಕೇಳುತ್ತಾರೆ.

ಸ್ವಂತ ಹಣ ಆದರೆ ಖಾತೆಯಲ್ಲಿ ಸತತ 28 ದಿನ ಇರಬೇಕು. ಒಂದೇ ಒಂದು ದಿನ ಮೊತ್ತ ಕೆಳಗಿಳಿದರೂ ಎಣಿಕೆ ಮತ್ತೆ ಒಂದರಿಂದ. ಆ 28ನೇ ದಿನ, ಅರ್ಜಿ ಹಾಕುವ ತಾರೀಖಿಗೆ 31 ದಿನಕ್ಕಿಂತ ಹಳೆಯದಾಗಿರಬಾರದು. ಅಪ್ಪ ಅಮ್ಮನ ಖಾತೆಯೂ ನಡೆಯುತ್ತದೆ. ಸಂಬಂಧದ ದಾಖಲೆ, ಒಪ್ಪಿಗೆ ಪತ್ರ ಜೊತೆಗಿರಬೇಕು. ಚಿಕ್ಕಪ್ಪ, ಮಾವನ ಖಾತೆ ನಡೆಯುವುದಿಲ್ಲ.

ಓದಿನ ಸಾಲಕ್ಕೆ ಈ 28 ದಿನದ ಕಾಟ ಇಲ್ಲ. ನಿಮಗೆ ಇದು ಒಳ್ಳೆಯ ಸುದ್ದಿ. ಆದರೆ ಪತ್ರ ಅರ್ಜಿಯ ದಿನಕ್ಕೆ ಆರು ತಿಂಗಳ ಒಳಗಿನದಾಗಿರಬೇಕು. ಸಾಲ ನಿಮ್ಮ ಹೆಸರಿನ ಓದಿನ ಸಾಲ ಅಂತ ಗೊತ್ತಾಗಬೇಕು. ಮುಖ್ಯವಾಗಿ, ವೀಸಾ ಸಿಗುವುದು ಅನ್ನುವುದನ್ನು ಬಿಟ್ಟು ಬೇರೆ ಯಾವ ಷರತ್ತೂ ಹಣ ಬಿಡುಗಡೆಗೆ ಇರಬಾರದು. ನಿಮ್ಮ ಪತ್ರದ ಎರಡನೇ ಪುಟ ತೆಗೆದು ಷರತ್ತುಗಳನ್ನು ಓದಿ. ಅಲ್ಲಿ ಏನಿದೆ ಅಂತ ಬರೆದರೆ ಮುಂದೆ ಹೇಳುತ್ತೇನೆ.

ಆ ಹುಡುಗನಿಗೆ ಹೇಳಿದ ವಿಚಾರಕ್ಕೆ ಆಮೇಲೆ ಬರುತ್ತೇನೆ. ಅದಕ್ಕೇ ಒಂದು ಉತ್ತರ ಬೇಕು.

ಚಳಿಯೂರು:

ಜರ್ಮನಿಯಲ್ಲಿ ಓದುತ್ತಿದ್ದೇನೆ. ಇಲ್ಲಿಗೆ ಸಾಮಾನ್ಯವಾಗಿ ಕೇಳುವುದು ಬ್ಲಾಕ್ಡ್ ಅಕೌಂಟ್. ಇಲ್ಲಿನವರು ಶ್ಪೆರ್‌ಕೊಂಟೊ ಅನ್ನುತ್ತಾರೆ. 2024ರ ಸೆಪ್ಟೆಂಬರ್‌ನಿಂದ ವರ್ಷಕ್ಕೆ 11,904 ಯೂರೊ. ವೀಸಾಗೆ ಮುಂಚೆಯೇ ಪೂರ್ತಿ ಹಣ ಅದರಲ್ಲಿ ಕೂತಿರಬೇಕು. ಬಂದ ಮೇಲೆ ತಿಂಗಳಿಗೆ 992 ಯೂರೊ ಮಾತ್ರ ಕೈಗೆ ಸಿಗುತ್ತದೆ. ಸ್ಕಾಲರ್‌ಶಿಪ್ ಇದ್ದರೆ, ಇಲ್ಲವೇ ಇಲ್ಲಿರುವ ಯಾರಾದರೂ ಕಾನೂನುಬದ್ಧವಾಗಿ ನಿಮ್ಮ ಖರ್ಚಿನ ಹೊಣೆ ಹೊತ್ತರೆ ಬೇರೆ ದಾರಿ ಇದೆ. ಬರೀ ಸ್ಯಾಂಕ್ಷನ್ ಲೆಟರ್ ನಂಬಿಕೊಂಡು ಅಪಾಯಿಂಟ್‌ಮೆಂಟ್‌ಗೆ ಹೋಗಬೇಡಿ.

ತೊಡಕು ಎಲ್ಲಿ ಬರುತ್ತದೆ ಗೊತ್ತಾ? ಓದಿನ ಸಾಲ ಅಂದರೆ ಹಣ ನೇರವಾಗಿ ವಿಶ್ವವಿದ್ಯಾಲಯಕ್ಕೆ ಹೋಗುತ್ತದೆ ಅನ್ನುವ ಅಂದಾಜಿನಲ್ಲೇ ಬ್ಯಾಂಕಿನ ಫಾರ್ಮ್‌ಗಳು ಇರುತ್ತವೆ. ಇಲ್ಲಿ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಫೀಸೇ ಇಲ್ಲ, ಸೆಮಿಸ್ಟರ್‌ಗೆ ಒಂದು ಸಣ್ಣ ಮೊತ್ತ ಅಷ್ಟೇ. ನಿಮಗೆ ಬೇಕಾದದ್ದು ಜೀವನ ಖರ್ಚಿನ ಹಣ. ಅದೂ ವೀಸಾಗೆ ಮೊದಲು, ನಿಮ್ಮ ಹೆಸರಿನ ಇನ್ನೊಂದು ದೇಶದ ಖಾತೆಗೆ. ಹೀಗೆ ಬಿಡುಗಡೆ ಮಾಡುತ್ತೀರಾ ಅಂತ ಬ್ಯಾಂಕಿನವರಿಂದ ಈಗಲೇ ಬರವಣಿಗೆಯಲ್ಲಿ ಪಡೆಯಿರಿ. ಶಾಖೆಯ ಕೌಂಟರಿನಲ್ಲಿ "ಆಗುತ್ತೆ ಆಗುತ್ತೆ" ಅಂದದ್ದಕ್ಕೆ ಬೆಲೆ ಇಲ್ಲ. ವೀಸಾ ಸಿಗದಿದ್ದರೆ ತಿರಸ್ಕಾರದ ಪತ್ರ ತೋರಿಸಿ ಬ್ಲಾಕ್ಡ್ ಅಕೌಂಟ್ ಹಣ ವಾಪಸ್ ಪಡೆಯಬಹುದು. ಆ ನಿಯಮದ ಪ್ರತಿ ಕೊಟ್ಟರೆ ಬ್ಯಾಂಕಿನವರಿಗೂ ಧೈರ್ಯ ಬರುತ್ತದೆ.

ಫೀಸಿಲ್ಲ ಅನ್ನುವುದಕ್ಕೂ ಅಪವಾದ ಇದೆ. ಬಾಡನ್-ವ್ಯೂರ್ಟೆಂಬರ್ಗ್ ರಾಜ್ಯದಲ್ಲಿ ಯುರೋಪಿಯನ್ ಒಕ್ಕೂಟದ ಹೊರಗಿನವರಿಗೆ 2017ರಿಂದ ಸೆಮಿಸ್ಟರ್‌ಗೆ 1,500 ಯೂರೊ. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯ ಟಿಯುಎಂ 2024ರ ಚಳಿಗಾಲದ ಸೆಮಿಸ್ಟರ್‌ನಿಂದ ಹೊಸದಾಗಿ ಸೇರುವವರಿಗೆ ಫೀಸು ಹಾಕಿದೆ, ಮಾಸ್ಟರ್ಸ್‌ಗೆ ಸೆಮಿಸ್ಟರ್‌ಗೆ 4,000 ಅಥವಾ 6,000. ನಿಮ್ಮದು ಯಾವುದು ನೋಡಿಕೊಳ್ಳಿ.

ಇನ್ನೊಂದು, ಇದನ್ನು ಯಾರೂ ಹೇಳುವುದಿಲ್ಲ. ಮೊದಲ ತಿಂಗಳು 992ರಲ್ಲಿ ಆಗುವುದಿಲ್ಲ. ರೂಮಿನ ಅಡ್ವಾನ್ಸ್ ಇಲ್ಲಿನ ಕಾನೂನಿನ ಪ್ರಕಾರ ಮೂರು ತಿಂಗಳ ಮೂಲ ಬಾಡಿಗೆಯವರೆಗೆ ಇರಬಹುದು. ಅದನ್ನು ಮೂರು ಕಂತಿನಲ್ಲಿ ಕೊಡುವ ಹಕ್ಕು ಬಾಡಿಗೆದಾರನಿಗೆ ಇದೆ, ಆದರೆ ಒಟ್ಟಿಗೇ ಕೇಳುವವರೇ ಜಾಸ್ತಿ. ರೂಮು ಸಿಗದೆ ವಿಳಾಸ ನೋಂದಣಿ ಇಲ್ಲ. ಬ್ಲಾಕ್ಡ್ ಅಕೌಂಟ್‌ನಿಂದ ಹಣ ಬರಲು ಇಲ್ಲಿನ ಸಾಮಾನ್ಯ ಖಾತೆ ಬೇಕು, ಅದು ತೆರೆಯಲು ಕೆಲವು ಬ್ಯಾಂಕ್‌ಗಳು ಆ ನೋಂದಣಿ ಚೀಟಿ ಕೇಳುತ್ತವೆ. ಅಲ್ಲಿಯವರೆಗೆ ನೀವು ತಂದ ಹಣವೇ ಗತಿ. ಸಾಲದ ಅರ್ಜಿಯಲ್ಲಿ ಇದಕ್ಕೆ ಬೇರೆ ಸಾಲು ಬರೆಸಿ.

ನೋಡೋಣಬಿಡಿ:

ಇಷ್ಟೆಲ್ಲ ಹೆದರಿಸಬೇಡಿ ಗುರುಗಳೇ. ಜರ್ಮನಿಯಲ್ಲಿ ವರ್ಷಕ್ಕೆ 140 ಪೂರ್ತಿ ದಿನ ಕೆಲಸ ಮಾಡಲು ಬಿಡುತ್ತಾರೆ, ಇಲ್ಲವೇ 280 ಅರ್ಧ ದಿನ. 2026ರ ಜನವರಿಯಿಂದ ಕನಿಷ್ಠ ಕೂಲಿ ಗಂಟೆಗೆ 13.90 ಯೂರೊ. 140 ದಿನ, ದಿನಕ್ಕೆ 8 ಗಂಟೆ. 15,568 ಯೂರೊ ಆಯ್ತು. ಬ್ಲಾಕ್ಡ್ ಅಕೌಂಟ್‌ಗಿಂತ ಜಾಸ್ತಿ! ಸಾಲ ಒಂದು ವರ್ಷಕ್ಕೆ ಮಾಡಿ, ಎರಡನೇ ವರ್ಷ ದುಡಿದು ತಿನ್ನಿ. ಅಷ್ಟೇ.

ಚಳಿಯೂರು:

ಗುಣಾಕಾರ ಸರಿ ಇದೆ. ಬದುಕು ಗುಣಾಕಾರದ ಹಾಗೆ ನಡೆಯಲ್ಲ ಅಲ್ವಾ? ಮೊದಲ ಸೆಮಿಸ್ಟರ್ ಭಾಷೆ ಬರುವುದಿಲ್ಲ. ಪರೀಕ್ಷೆ ಬಂದಾಗ ಎರಡು ತಿಂಗಳು ಕೆಲಸಕ್ಕೆ ಹೋಗಲು ಆಗುವುದಿಲ್ಲ. ಸೆಮಿಸ್ಟರ್ ನಡೆಯುವಾಗ ವಾರಕ್ಕೆ 20 ಗಂಟೆ ದಾಟಿದರೆ ವಿದ್ಯಾರ್ಥಿ ವಿಮೆಯ ಕಡಿಮೆ ದರ ಕೈತಪ್ಪುವ ಭಯ. ಎರಡನೇ ವರ್ಷ ಒಳ್ಳೆಯ ವರ್ಕಿಂಗ್ ಸ್ಟೂಡೆಂಟ್ ಕೆಲಸ ಸಿಕ್ಕಿ ಆರಾಮಾಗಿರುವವರು ನನ್ನ ತರಗತಿಯಲ್ಲೇ ಇದ್ದಾರೆ. ಏನೂ ಸಿಗದೆ ಮನೆಯಿಂದ ಹಣ ತರಿಸುತ್ತಿರುವವರೂ ಇದ್ದಾರೆ. ನಿಮ್ಮ ಮಾತಿನಲ್ಲಿ ಒಂದು ಒಪ್ಪುತ್ತೇನೆ. ಎರಡನೇ ವರ್ಷದ ಸಾಲವನ್ನು ಮಂಜೂರು ಮಾಡಿಸಿ ಇಟ್ಟುಕೊಂಡು, ಬೇಕಾಗದಿದ್ದರೆ ಎತ್ತದೇ ಇರುವುದು ಜಾಣತನ.

ಬಡ್ಡಿಲೆಕ್ಕ:

ಎತ್ತದೇ ಇರುವುದು ಅಂದಿರಲ್ಲ, ನಾನು ಅಲ್ಲಿಂದಲೇ ಶುರು ಮಾಡುತ್ತೇನೆ.

ವೀಸಾದವರು ಕೇಳುವುದು ಒಂದೇ: ಮೊದಲ ವರ್ಷ ಇವಳ ಹತ್ತಿರ ಹಣ ಇದೆಯಾ? ಬ್ಯಾಂಕಿನವರು ಕೇಳುವುದು: ಹತ್ತು ವರ್ಷ ಕಂತು ಯಾರು ಕಟ್ಟುತ್ತಾರೆ? ವೀಸಾ ಸಿಕ್ಕಿತು ಅಂದರೆ ಸಾಲ ನನ್ನ ಕೈಗೆಟಕುತ್ತದೆ ಅಂತ ಜನ ತಿಳಿದುಕೊಳ್ಳುತ್ತಾರೆ. ವೀಸಾ ಅಧಿಕಾರಿ ನಿಮ್ಮ ಕಂತನ್ನು ನೋಡಿಯೇ ಇರುವುದಿಲ್ಲ.

40 ಲಕ್ಷ ಸಾಲ ಅಂತಿಟ್ಟುಕೊಳ್ಳಿ, 10% ಬಡ್ಡಿ, ಎರಡು ವರ್ಷದ ಕೋರ್ಸ್, ಮುಗಿದ ಮೇಲೆ ಆರು ತಿಂಗಳು ಬಿಡುವು. ಈ ಎರಡೂವರೆ ವರ್ಷ ಕಂತಿಲ್ಲ. ಬಡ್ಡಿಗೆ ಮಾತ್ರ ರಜೆ ಇಲ್ಲ. ಮೊದಲ ದಿನವೇ ಪೂರ್ತಿ 40 ಲಕ್ಷ ಎತ್ತಿದರೆ ಸರಳ ಬಡ್ಡಿಯಲ್ಲೇ 10 ಲಕ್ಷ ಸೇರಿ 50 ಆಗುತ್ತದೆ. ಅದೇ ಸಾಲವನ್ನು ಸೆಮಿಸ್ಟರ್‌ಗೆ 10 ಲಕ್ಷದ ಹಾಗೆ ನಾಲ್ಕು ಸಲ ಎತ್ತಿದರೆ ಬಡ್ಡಿ 7 ಲಕ್ಷ. ಏನೂ ಮಾಡದೆ 3 ಲಕ್ಷ ಉಳಿಯಿತು. ಕೆಲವರು "ದುಡ್ಡು ನನ್ನ ಖಾತೆಯಲ್ಲೇ ಇರಲಿ, ಧೈರ್ಯ" ಅಂತ ಒಟ್ಟಿಗೆ ಎತ್ತುತ್ತಾರೆ. ದುಬಾರಿ ಧೈರ್ಯ.

ಮುಂದೆ ಹತ್ತು ವರ್ಷಕ್ಕೆ ಕಂತು: 50 ಲಕ್ಷಕ್ಕೆ ತಿಂಗಳಿಗೆ ಸುಮಾರು 66,000. 47 ಲಕ್ಷಕ್ಕೆ 62,100. ಓದುವಾಗಲೇ ಮನೆಯವರು ಬಡ್ಡಿ ಕಟ್ಟುತ್ತಾ ಬಂದು 40 ಲಕ್ಷಕ್ಕೇ ನಿಂತಿದ್ದರೆ 52,900. ಬಡ್ಡಿ ಪೂರ್ತಿ ಕಟ್ಟಲಾಗದಿದ್ದರೆ ಅರ್ಧವಾದರೂ ಕಟ್ಟಿ. ಬಿಡುವಿನ ಅವಧಿಯ ಬಡ್ಡಿ ಸರಳವಾ ಚಕ್ರವಾ, ಅದನ್ನು ಅಸಲಿಗೆ ಯಾವಾಗ ಸೇರಿಸುತ್ತಾರೆ ಅನ್ನುವುದನ್ನು ಒಪ್ಪಂದದಲ್ಲಿ ಹುಡುಕಿ ಗೆರೆ ಎಳೆಯಿರಿ. ದರ ಫ್ಲೋಟಿಂಗ್ ಆಗಿದ್ದರೆ ನನ್ನ ಈ 10% ಹತ್ತೇ ಆಗಿ ಉಳಿಯುವುದಿಲ್ಲ.

ಎಷ್ಟು ಸಾಲ ಮಾಡಬಹುದು ಅನ್ನುವುದಕ್ಕೆ ನನ್ನ ಅಳತೆ ಕಠಿಣ, ಬೈದುಕೊಳ್ಳಬೇಡಿ. ಅಲ್ಲಿ ಕೆಲಸ ಸಿಗದೆ ವಾಪಸ್ ಬಂದಿರಿ ಅಂತಿಟ್ಟುಕೊಳ್ಳಿ. ನಿಮ್ಮ ಓದಿಗೆ ಸ್ವಂತ ದೇಶದಲ್ಲಿ ಸಿಗುವ ಆರಂಭದ ಸಂಬಳ, ಅದರ ಜೊತೆ ಸಹ ಅರ್ಜಿದಾರರ, ಅಂದರೆ ಸಾಲಕ್ಕೆ ನಿಮ್ಮ ಜೊತೆ ಸಹಿ ಹಾಕಿದ ಮನೆಯವರ ದುಡಿಮೆಯಲ್ಲಿ ಅವರು ಕಷ್ಟಪಡದೆ ಬಿಡಬಹುದಾದ ಪಾಲು. ಇವೆರಡರಲ್ಲಿ ಕಂತು ಹೊರಡುತ್ತದಾ? ಹೊರಟರೆ ಮಾಡಿ.

ನೋಡೋಣಬಿಡಿ:

ಸರ್, ಈ ಅಳತೆ ಹಿಡಿದರೆ ಅರ್ಧ ಜನ ಹೋಗುವುದೇ ಇಲ್ಲ. ಅಲ್ಲಿನ ಸಂಬಳ ನೆಚ್ಚಿಕೊಂಡೇ ತಾನೆ ಎಲ್ಲರೂ ಹೋಗೋದು?

ಬಡ್ಡಿಲೆಕ್ಕ:

ನೆಚ್ಚಿಕೊಳ್ಳಿ, ಬೇಡ ಅನ್ನಲ್ಲ. ಅಲ್ಲಿ ಕೆಲಸ ಹುಡುಕಲು ಸಿಗುವ ಗಡುವನ್ನೂ ಜೊತೆಗೆ ಲೆಕ್ಕ ಹಾಕಿ. ಬ್ರಿಟನ್‌ನ ಗ್ರಾಜುಯೇಟ್ ವೀಸಾ ಮಾಸ್ಟರ್ಸ್ ಮುಗಿಸಿದವರಿಗೆ ಎರಡು ವರ್ಷ ಇದೆ. 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ ಅದು 18 ತಿಂಗಳು. ಜರ್ಮನಿಯಲ್ಲಿ ಕೆಲಸ ಹುಡುಕಲು 18 ತಿಂಗಳವರೆಗೆ ಪರವಾನಗಿ ಸಿಗುತ್ತದೆ. ನಿಮ್ಮ ಕಂತು ಕೋರ್ಸ್ ಮುಗಿದ ಆರು ತಿಂಗಳಿಗೇ ಶುರು. ಅಂದರೆ ಹುಡುಕಾಟದ ನಡುವೆಯೇ ಕಂತು ಬಂದು ನಿಲ್ಲುತ್ತದೆ. ಆ ತಿಂಗಳುಗಳಿಗೆ ಹಣ ಎಲ್ಲಿದೆ ಅಂತ ಹೇಳಿ, ಆಮೇಲೆ ನೆಚ್ಚಿಕೊಳ್ಳಿ.

ಮಗಳಅಪ್ಪ:

ನಾನು ಸಾಮಾನ್ಯವಾಗಿ ಓದುತ್ತೇನೆ, ಬರೆಯುವುದಿಲ್ಲ. ಮಗಳ ಸಾಲಕ್ಕೆ ಮನೆ ಪತ್ರ ಅಡ ಇಡಿ ಅನ್ನುತ್ತಿದ್ದಾರೆ. ಅಡಮಾನ ಇಲ್ಲದೆಯೂ ಕೊಡುತ್ತೇವೆ, ಆದರೆ ಬಡ್ಡಿ ಹೆಚ್ಚು ಅಂತಾರೆ. ಯಾವುದು ವಾಸಿ? ಅವಳು ಮಧ್ಯದಲ್ಲಿ ಓದು ಬಿಟ್ಟರೆ, ಅಥವಾ ಆರೋಗ್ಯ ಕೆಟ್ಟರೆ ಏನು ಗತಿ? ಮಗಳ ಮುಂದೆ ಈ ಪ್ರಶ್ನೆ ಕೇಳಲು ಮನಸ್ಸು ಬರುತ್ತಿಲ್ಲ.

ಬಡ್ಡಿಲೆಕ್ಕ:

ಸರ್, ಕೇಳಬೇಕಾದ ಪ್ರಶ್ನೆಯೇ. ಓದು ಬಿಟ್ಟರೆ ಸಾಮಾನ್ಯವಾಗಿ ಬಿಡುವಿನ ಅವಧಿಯೂ ಅಲ್ಲಿಗೆ ಮುಗಿಯುತ್ತದೆ, ಕಂತು ಬೇಗ ಶುರುವಾಗುತ್ತದೆ. ವಿದ್ಯಾರ್ಥಿಗೆ ಏನಾದರೂ ಆದರೆ ಸಾಲ ತಾನಾಗಿ ಮನ್ನಾ ಆಗುವುದಿಲ್ಲ, ಸಹಿ ಹಾಕಿದ ನಿಮ್ಮ ಮೇಲೆ ಬರುತ್ತದೆ. ಸಾಲದ ಜೊತೆ ಜೀವ ವಿಮೆ ಮಾರುವುದು ಇದಕ್ಕೇ. ವಿಮೆ ಬೇಕು, ಆದರೆ ಬ್ಯಾಂಕ್ ಕೊಟ್ಟದ್ದನ್ನೇ ತೆಗೆದುಕೊಳ್ಳಬೇಕಾ, ಹೊರಗಿನದು ನಡೆಯುತ್ತದಾ ಅಂತ ಕೇಳಿ. ಬಡ್ಡಿಯಷ್ಟೇ ಸದ್ದಿಲ್ಲದೆ ಅದರ ಹಣವೂ ಸಾಲಕ್ಕೆ ಸೇರಿಬಿಡುತ್ತದೆ.

ಅಡಮಾನದ ಬಗ್ಗೆ: ಇರುವುದು ಒಂದೇ ಮನೆ, ಅದರಲ್ಲೇ ವಾಸ ಅಂದರೆ ನಾನು ಸ್ವಲ್ಪ ಹೆಚ್ಚು ಬಡ್ಡಿಯನ್ನೇ ಆರಿಸುತ್ತೇನೆ, ಮೊತ್ತ ಕಡಿಮೆ ಮಾಡಿಕೊಂಡು. ಇದು ನನ್ನ ಅಭಿಪ್ರಾಯ, ಎಲ್ಲರೂ ಒಪ್ಪಬೇಕಿಲ್ಲ. ಇನ್ನೊಂದು ದಾರಿ, ಪ್ರಾಡಿಜಿ ಫೈನಾನ್ಸ್, ಎಂಪವರ್ ತರಹದ ಸಂಸ್ಥೆಗಳು ಅಡಮಾನ, ಜಾಮೀನು ಎರಡೂ ಇಲ್ಲದೆ ವಿದೇಶಿ ವಿದ್ಯಾರ್ಥಿಗಳಿಗೆ ಸಾಲ ಕೊಡುತ್ತವೆ. ಎಂಪವರ್ ಅಮೆರಿಕ, ಕೆನಡಾದಲ್ಲಿ ಓದುವವರಿಗೆ. ಆ ಸಾಲ ಡಾಲರ್ ಲೆಕ್ಕದಲ್ಲಿ. ಡಾಲರ್ ದುಡಿದರೆ ಅನುಕೂಲ. ವಾಪಸ್ ಬಂದು ಸ್ವಂತ ದೇಶದ ಹಣದಲ್ಲಿ ದುಡಿದು ಡಾಲರ್ ಕಂತು ಕಟ್ಟುವುದು ಬಹಳ ಕಷ್ಟ. ನಿಮ್ಮ ಹಣ ಡಾಲರ್ ಎದುರು ಕುಸಿದಷ್ಟೂ ಕಂತು ಬೆಳೆಯುತ್ತದೆ. ಯಾವ ಹಣದಲ್ಲಿ ದುಡಿಯುವ ಸಾಧ್ಯತೆ ಹೆಚ್ಚೋ ಆ ಹಣದಲ್ಲೇ ಸಾಲ ಇರಲಿ.

ಮಗಳ ಹತ್ತಿರ ಮಾತಾಡಿ ಸರ್. ಕಂತು ಕಟ್ಟುವವಳು ಅವಳೇ ಅಲ್ವಾ.

ಸಮಯವಲಯ:

ಉಳಿದ ದೇಶದವರಿಗೂ ಎರಡು ಮಾತು. ಕೆನಡಾ: 2025ರ ಸೆಪ್ಟೆಂಬರ್ 1ರಿಂದ ಒಬ್ಬರಿಗೆ ಜೀವನ ಖರ್ಚಿಗೆ 22,895 ಕೆನಡಿಯನ್ ಡಾಲರ್ ತೋರಿಸಬೇಕು, ಕ್ವಿಬೆಕ್ ಬಿಟ್ಟು. ಫೀಸು, ಪ್ರಯಾಣ ಬೇರೆ. 2023ರ ಕೊನೆಯವರೆಗೆ ಈ ಮೊತ್ತ 10,000 ಇತ್ತು. ಹಳೆಯ ವಿಡಿಯೊ ನೋಡಿಕೊಂಡು ಬರುವವರು ಇಲ್ಲೇ ಎಡವುತ್ತಾರೆ. ಬೇಗ ಫಲಿತಾಂಶ ಕೊಡುತ್ತಿದ್ದ ಎಸ್‌ಡಿಎಸ್ ದಾರಿ 2024ರ ನವೆಂಬರ್ 8ಕ್ಕೆ ಮುಚ್ಚಿತು. ಜಿಐಸಿ, ಅಂದರೆ ಕೆನಡಾದ ಬ್ಯಾಂಕಿನಲ್ಲಿ ಮೊದಲೇ ಇಡುವ ಠೇವಣಿ, ಈಗಲೂ ಒಪ್ಪುವ ದಾಖಲೆ.

ಆಸ್ಟ್ರೇಲಿಯಾ: ಜೀವನ ಖರ್ಚಿಗೆ 29,710 ಆಸ್ಟ್ರೇಲಿಯನ್ ಡಾಲರ್, 2024ರ ಮೇ 10ರಿಂದ. ವೀಸಾ ಶುಲ್ಕವೇ 2025ರ ಜುಲೈಯಿಂದ 2,000 ಡಾಲರ್. ವೀಸಾ ಸಿಗದಿದ್ದರೆ ಆ ಹಣ ಹೋಯಿತು ಅಂತಲೇ ಲೆಕ್ಕ.

ಅಮೆರಿಕ: ಮೊದಲ ವರ್ಷದ ಖರ್ಚಿಗೆ ಹಣ ಇದೆ ಅಂತ ಕಾಲೇಜಿಗೆ ತೋರಿಸಿದರೆ ವೀಸಾಗೆ ಬೇಕಾದ ಐ-20 ಅನ್ನುವ ಪತ್ರವನ್ನು ಕಾಲೇಜು ಕೊಡುತ್ತದೆ, ಇಲ್ಲಿ ಸ್ಯಾಂಕ್ಷನ್ ಲೆಟರ್ ಚೆನ್ನಾಗಿಯೇ ನಡೆಯುತ್ತದೆ. ವಿದೇಶಿ ವಿದ್ಯಾರ್ಥಿಗಳ ಸರ್ಕಾರಿ ದಾಖಲೆ ವ್ಯವಸ್ಥೆಯಾದ ಸೆವಿಸ್‌ಗೆ ಶುಲ್ಕ 350 ಡಾಲರ್. ಸಂದರ್ಶನದಲ್ಲಿ "ಯಾರು ಖರ್ಚು ನೋಡಿಕೊಳ್ಳುತ್ತಾರೆ" ಅಂದರೆ ಐ-20ಯಲ್ಲಿ ಇರುವುದಕ್ಕೂ ನಿಮ್ಮ ಬಾಯಿಗೂ ತಾಳೆಯಾಗಬೇಕು. ಮೊದಲ ವರ್ಷ ಕ್ಯಾಂಪಸ್ ಒಳಗಿನ ಕೆಲಸ ಮಾತ್ರ, ತರಗತಿ ನಡೆಯುವಾಗ ವಾರಕ್ಕೆ 20 ಗಂಟೆ. ಪಾರ್ಟ್‌ಟೈಮ್ ಸಂಬಳದಿಂದ ಫೀಸು ಕಟ್ಟುತ್ತೇನೆ ಅಂತ ಯಾವ ದೇಶದ ವೀಸಾ ಕಿಟಕಿಯಲ್ಲೂ ಹೇಳಬೇಡಿ.

ಕಡತವಾಸಿ:

ಈಗ ಆ "ಹಾಕಿಸಿಕೊಡ್ತೀವಿ" ವಿಚಾರ. ಬೇರೆಯವರ ದುಡ್ಡನ್ನು ಒಂದು ತಿಂಗಳ ಮಟ್ಟಿಗೆ ಖಾತೆಯಲ್ಲಿ ನಿಲ್ಲಿಸಿ ಸ್ಟೇಟ್‌ಮೆಂಟ್ ತೆಗೆಸುವುದು. ತಿಂಗಳಿಗೆ ಚಿಲ್ಲರೆ ಓಡಾಡುತ್ತಿದ್ದ ಖಾತೆಗೆ ಒಂದೇ ದಿನ ದೊಡ್ಡ ಮೊತ್ತ ಬಂದು ಕೂತರೆ ಅಧಿಕಾರಿ ಕೇಳುವ ಮೊದಲ ಪ್ರಶ್ನೆ, ಇದು ಎಲ್ಲಿಂದ ಬಂತು? ಜಮೀನು ಮಾರಿದ್ದಾದರೆ ಕ್ರಯಪತ್ರ, ಠೇವಣಿ ಮುರಿಸಿದ್ದಾದರೆ ಅದರ ರಸೀದಿ ಇರುತ್ತದೆ. ಬಾಡಿಗೆ ದುಡ್ಡಿಗೆ ಏನಿರುತ್ತದೆ? ಅದಕ್ಕೊಂದು ಸುಳ್ಳು ಕಾಗದ ಹುಟ್ಟಿಸುತ್ತಾರೆ.

ಸುಳ್ಳು ಕಾಗದ ಸಿಕ್ಕಿಬಿದ್ದರೆ ಬ್ರಿಟನ್‌ನಲ್ಲಿ 10 ವರ್ಷದವರೆಗೆ ಬಾಗಿಲು ಮುಚ್ಚಬಹುದು. ಕೆನಡಾದಲ್ಲಿ 5 ವರ್ಷ. ಅಮೆರಿಕದಲ್ಲಿ ವಂಚನೆ ಅಂತ ದಾಖಲಾದರೆ ಜೀವನಪರ್ಯಂತ ಅಡ್ಡಿ. ಅರ್ಜಿಯಲ್ಲಿ ಸಹಿ ನಿಮ್ಮದು, ಏಜೆಂಟ್ ಹೆಸರು ಎಲ್ಲೂ ಇರುವುದಿಲ್ಲ. ಇದರಿಂದ ವೀಸಾ ಹೋದರೆ ಡಿಪಾಸಿಟ್ ವಾಪಸ್ ಕೊಡದ ವಿಶ್ವವಿದ್ಯಾಲಯಗಳೂ ಇವೆ. ಆ ಹುಡುಗ ನಿಮಗೆ ಮತ್ತೆ ಸಿಕ್ಕರೆ ದಯವಿಟ್ಟು ಹೇಳಿ.

ಮೂಟೆಕಟ್ಟಿದವಳು:

ಎಲ್ಲರಿಗೂ ಧನ್ಯವಾದ. ಬ್ಯಾಂಕ್‌ಗೆ ಹೋಗಿದ್ದೆ. ಬ್ಲಾಕ್ಡ್ ಅಕೌಂಟ್‌ಗೆ ವೀಸಾಗೆ ಮುಂಚೆ ಹಣ ಹಾಕಲು ನಮ್ಮ ಶಾಖೆಗೆ ಅಧಿಕಾರ ಇಲ್ಲ, ಮೇಲಿನ ಕಚೇರಿಗೆ ಬರೆಯುತ್ತೇವೆ ಅಂದರು. ಬರೆದ ಪತ್ರದ ಪ್ರತಿ ಕೇಳಿ ತೆಗೆದುಕೊಂಡೆ.

ಸ್ಯಾಂಕ್ಷನ್ ಲೆಟರ್ ಎರಡನೇ ಪುಟದಲ್ಲಿ ಹೀಗಿದೆ: "ವೀಸಾ ಸಿಕ್ಕ ನಂತರ, ಹಾಗೂ ಬ್ಯಾಂಕಿಗೆ ತೃಪ್ತಿಯಾಗುವ ದಾಖಲೆಗಳನ್ನು ಸಲ್ಲಿಸಿದ ಮೇಲೆ ಹಣ ಬಿಡುಗಡೆ ಮಾಡಲಾಗುವುದು." ಇದು ಬ್ರಿಟನ್‌ಗೆ ನಡೆಯುತ್ತದಾ? ಇನ್ನೊಂದು, ಮೊತ್ತ ಪೌಂಡ್‌ನಲ್ಲಿ ಇಲ್ಲ.

ಕಡತವಾಸಿ:

"ವೀಸಾ ಸಿಕ್ಕ ನಂತರ" ಇರಲಿ, ಅದು ಒಪ್ಪುವ ಷರತ್ತು. "ಬ್ಯಾಂಕಿಗೆ ತೃಪ್ತಿಯಾಗುವ ದಾಖಲೆ" ಹೋಗಬೇಕು, ಆ ತೃಪ್ತಿಗೆ ಕೊನೆಯೇ ಇಲ್ಲ. ದಾಖಲೆ ಏನೇನು ಬೇಕೋ ಈಗಲೇ ಕೊಟ್ಟು ಮುಗಿಸಿ, ಆ ಸಾಲು ತೆಗೆದು ಹೊಸ ಪತ್ರ ಕೊಡಿ ಅಂತ ಕೇಳಿ. ಫೀಸು ನೇರವಾಗಿ ವಿಶ್ವವಿದ್ಯಾಲಯಕ್ಕೆ, ಜೀವನ ಖರ್ಚಿನ ಪಾಲು ನೀವು ಹೊರಡುವ ಮುಂಚೆ ನಿಮ್ಮ ಕೈಗೆ ಅನ್ನುವುದು ಬೇರೆ ಬೇರೆ ಸಾಲಿನಲ್ಲಿ ಬರಲಿ. ಹೊಸ ತಾರೀಖು ಹಾಕಿಸಿ.

ಪೌಂಡ್‌ನಲ್ಲೇ ಇರಬೇಕು ಅಂತಿಲ್ಲ. ಅರ್ಜಿ ಹಾಕಿದ ದಿನ ಒಂಡಾ ಅನ್ನುವ ವೆಬ್‌ಸೈಟಿನಲ್ಲಿರುವ ವಿನಿಮಯ ದರ ಹಿಡಿದು ಅವರೇ ಬದಲಾಯಿಸಿ ನೋಡುತ್ತಾರೆ. ಆದ್ದರಿಂದ ಮೊತ್ತ ಬೇಕಾದಷ್ಟಕ್ಕೇ ಸರಿಯಾಗಿ ಇರಬಾರದು. ನಾನಾದರೆ ಹತ್ತು ಪರ್ಸೆಂಟ್ ಜಾಸ್ತಿ ಮಂಜೂರು ಮಾಡಿಸುತ್ತೇನೆ.

ಬಡ್ಡಿಲೆಕ್ಕ:

ಮಂಜೂರು ಜಾಸ್ತಿ, ಎತ್ತುವುದು ಕಮ್ಮಿ. ಎತ್ತದ ಹಣಕ್ಕೆ ಶುಲ್ಕ ಏನಾದರೂ ಹಾಕುತ್ತಾರಾ ಅಂತ ಮಾತ್ರ ಕೇಳಿಕೊಳ್ಳಿ. ಬ್ರಿಟನ್ ಬಜೆಟ್‌ನಲ್ಲಿ ಆರೋಗ್ಯ ಸರ್‌ಚಾರ್ಜ್, ಅಂದರೆ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಗೆ ಕಟ್ಟುವ ಹಣ, ಬರೆದಿದ್ದೀರಾ? ವರ್ಷಕ್ಕೆ 776 ಪೌಂಡ್. ಒಂದು ವರ್ಷದ ಮಾಸ್ಟರ್ಸ್‌ಗೆ ವೀಸಾ ಅವಧಿ ಇನ್ನೂ ಕೆಲವು ತಿಂಗಳು ಹೆಚ್ಚಿರುವುದರಿಂದ ಒಂದೂವರೆ ವರ್ಷದ ಲೆಕ್ಕ, 1,164. ಅರ್ಜಿ ಹಾಕುವಾಗಲೇ ಕಟ್ಟಬೇಕು. ಅಂದರೆ ಸಾಲ ಕೈಗೆ ಬರುವ ಮೊದಲು, ನಿಮ್ಮ ಜೇಬಿನಿಂದ. ವೀಸಾ ಆಗದಿದ್ದರೆ ಇದು ವಾಪಸ್ ಬರುತ್ತದೆ, ವೀಸಾ ಶುಲ್ಕ ಬರುವುದಿಲ್ಲ.

ಮೂಟೆಕಟ್ಟಿದವಳು:

ಬರೆದಿರಲಿಲ್ಲ, ಈಗ ಸೇರಿಸಿದೆ. ಮೇಲಿನ ಕಚೇರಿಯವರು ಬ್ಲಾಕ್ಡ್ ಅಕೌಂಟ್‌ಗೆ ಒಪ್ಪಿದರೆ ಜರ್ಮನಿ, ಇಲ್ಲದಿದ್ದರೆ ಬ್ರಿಟನ್ ಅಂತ ಮನೆಯಲ್ಲಿ ಮಾತಾಗಿದೆ. ಅಷ್ಟರಲ್ಲಿ ಬ್ರಿಟನ್ ಡಿಪಾಸಿಟ್ ಗಡುವು ಬಂದುಬಿಟ್ಟರೆ?

ಚಳಿಯೂರು:

ವಿಶ್ವವಿದ್ಯಾಲಯಕ್ಕೆ ಮೇಲ್ ಮಾಡಿ ಗಡುವು ಮುಂದೂಡಲು ಕೇಳಿ. ಕಾರಣ ಇದ್ದದ್ದನ್ನೇ ಬರೆಯಿರಿ, ಸಾಲದ ಪತ್ರ ತಿದ್ದುಪಡಿಗೆ ಹೋಗಿದೆ ಅಂತ. ಒಪ್ಪದಿದ್ದರೆ ಕಟ್ಟುವ ಮೊದಲು ಅವರ ರಿಫಂಡ್ ನಿಯಮ ಓದಿ. ವೀಸಾ ತಿರಸ್ಕಾರವಾದರೆ ವಾಪಸ್ ಅಂತ ಇರುತ್ತದೆ. ಮನಸ್ಸು ಬದಲಾಯಿಸಿದರೆ ವಾಪಸ್ ಅಂತ ಇರುವುದು ಅಪರೂಪ.